ಮೈಲುತುತ್ತದ ಸೂತ್ರದಲ್ಲಿ ಆ ಚುಕ್ಕೆ ಏನು, ಆ ಐದು ನೀರು ಎಲ್ಲಿದೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹನ್ನೊಂದನೇ ವಿಜ್ಞಾನಕ್ಕೆ ಸೇರಿದ್ದಾಳೆ. ಕಾಪರ್ ಸಲ್ಫೇಟಿನ, ಅಂದರೆ ಮೈಲುತುತ್ತದ, ಸೂತ್ರದ ನಡುವೆ ಬರುವ ಚುಕ್ಕೆ ಗುಣಾಕಾರವೋ ಕೂಡಿಸುವುದೋ ಎಂದು ಗೊಂದಲ. ಪುಡಿ ಒಣಗಿಯೇ ಇರುವಾಗ ಅದರಲ್ಲಿ ಐದು ನೀರು ಇದೆ ಎಂದರೆ ಹೇಗೆ? ಪ್ರಯೋಗದಲ್ಲಿ ಖಾಲಿ ಮೂಸೆ 24.310 ಗ್ರಾಂ, ಹರಳು ಹಾಕಿದ ಮೇಲೆ 26.806, ಕಾಯಿಸಿ ಆರಿಸಿದ ಮೇಲೆ 25.956 ಬಂತು. ಲೆಕ್ಕ ಮಾಡಿದರೆ 5ರ ಬದಲು 4.6. ಜರ್ನಲಿನಲ್ಲಿ ಏನು ಬರೆಯಬೇಕು? ಇನ್ನೊಂದು ಮಾತು: ನನ್ನ ತಮ್ಮ ಗೋವಾದ ಕಾಣಕೋಣದಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಈ ಸಲ ಅವನಿಗೆ ನೀಲಿ ಹರಳಿನ ಬದಲು ಬಿಳಿಚಿಕೊಂಡ ಪುಡಿ ಸಿಕ್ಕಿದೆ. ತೋಟಕ್ಕೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಅಷ್ಟೇ ತೂಕ ಹಾಕಬಹುದೇ?

ಉತ್ತರ: ನಿಮ್ಮ ಎಲ್ಲ ಪ್ರಶ್ನೆಗಳ ಬೇರು ಒಂದೇ. ಚುಕ್ಕೆಯ ಆಚೆ ಬರೆದ ನೀರು ಹರಳಿನ ಮೇಲೆ ಅಂಟಿದ ತೇವವಲ್ಲ. ಅದು ಹರಳಿನ ರಚನೆಗೇ ಸೇರಿದ, ಎಣಿಸಿ ಇಟ್ಟಂಥ ಭಾಗ. ನೀವು ಹರಳು ತೂಗಿದಾಗಲೆಲ್ಲ ಆ ನೀರನ್ನೂ ತೂಗುತ್ತೀರಿ. ಇದೊಂದು ಮನಸ್ಸಿನಲ್ಲಿ ನಿಂತರೆ ಮಗಳ ಲೆಕ್ಕವೂ ಸರಿಯಾಗುತ್ತದೆ, ತಮ್ಮನ ತೂಕವೂ ಸರಿಯಾಗುತ್ತದೆ.

ಮೊದಲು ಚುಕ್ಕೆ. ಸೂತ್ರ ಹೀಗಿದೆ: ಸಿಯುಎಸ್ಒ₄·5ಎಚ್₂ಒ. ಚುಕ್ಕೆ ಗುಣಾಕಾರವಲ್ಲ. ಒಂದು ಪಾಲು ಕಾಪರ್ ಸಲ್ಫೇಟಿನ ಜೊತೆಗೆ ಐದು ಪಾಲು ನೀರು ಎಂದಷ್ಟೇ ಅದು ಹೇಳುತ್ತದೆ. ಐದು ಎಂಬ ಅಂಕೆ ತನ್ನ ಬಲಕ್ಕಿರುವ ಇಡೀ ನೀರಿನ ಅಣುವಿಗೆ ಅನ್ವಯ, ಎಡಕ್ಕಿರುವ ಸಲ್ಫೇಟಿಗೆ ಅಲ್ಲ. ಹಾಗಾಗಿ ಈ ಸೂತ್ರದಲ್ಲಿ ಹೈಡ್ರೋಜನ್ 10, ಆಕ್ಸಿಜನ್ ಸಲ್ಫೇಟಿನ 4 ಮತ್ತು ನೀರಿನ 5 ಸೇರಿ 9. ಆಕ್ಸಿಜನ್ ಎಣಿಸುವಾಗ ಮಕ್ಕಳು 4 ಎಂದೋ 5 ಎಂದೋ ಬರೆದು ಬಿಡುತ್ತಾರೆ. ಎರಡೂ ಕಡೆಯದನ್ನು ಕೂಡಿಸಬೇಕು.

ಮೋಲಾರ್ ರಾಶಿ, ಅಂದರೆ ಒಂದು ಮೋಲ್ ಎಷ್ಟು ಗ್ರಾಂ ಎಂಬುದು: ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಒಟ್ಟು 159.5. ನೀರು 18ರಂತೆ ಐದಕ್ಕೆ 90. ಎರಡೂ ಕೂಡಿ 249.5. ಮಗಳ ಉತ್ತರ ಹದಿನಾಲ್ಕು ಸಾವಿರ ದಾಟಿದ್ದರೆ ಅವಳು 159.5ನ್ನು 90ರಿಂದ ಗುಣಿಸಿದ್ದಾಳೆ ಎಂದರ್ಥ. ಪ್ರಯೋಗಾಲಯದ ಶೀಶೆಯ ಚೀಟಿಯಲ್ಲಿ 249.69 ಎಂದಿರುತ್ತದೆ. ಅದು ಪರಮಾಣು ರಾಶಿಗಳನ್ನು ಇನ್ನಷ್ಟು ನಿಖರವಾಗಿ ಹಿಡಿದ ಅಂಕೆ, ಗಾಬರಿ ಬೇಡ. 249.5ರಲ್ಲಿ 90 ಎಂದರೆ ನೂರಕ್ಕೆ 36.07. ಅಂದರೆ ಮಗಳು ಮುಟ್ಟಿ ನೋಡಿದ ಆ ಒಣ ಹರಳಿನ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ನೀರೇ.

ಹಾಗಾದರೆ ಕೈಗೆ ಒದ್ದೆ ಏಕೆ ತಾಗುವುದಿಲ್ಲ? ಗೋಡೆಗೆ ಬಡಿದ ಮಳೆಹನಿಯನ್ನು ಒರೆಸಬಹುದು, ಗೋಡೆಯೊಳಗಿನ ಇಟ್ಟಿಗೆಯನ್ನು ಒರೆಸಲಾಗದು. ಹರಳಿನ ರಚನೆಗೆ ಸೇರಿದ ಈ ನೀರಿಗೆ ಸ್ಫಟಿಕ ಜಲ ಎನ್ನುತ್ತಾರೆ, ಅದು ಇಟ್ಟಿಗೆಯ ಜಾತಿಗೆ ಸೇರಿದ್ದು. ಕಾಪರ್ ಸಲ್ಫೇಟಿನ ಹರಳಿನಲ್ಲಿ ಪ್ರತಿಯೊಂದು ತಾಮ್ರದ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳು ಚೌಕದ ನಾಲ್ಕು ಮೂಲೆಗಳಲ್ಲಿ ನಿಂತಿರುತ್ತವೆ. ಅವುಗಳ ಆಕ್ಸಿಜನ್ ತಾಮ್ರಕ್ಕೆ ನೇರವಾಗಿ ಬಂಧಿತವಾಗಿರುತ್ತದೆ. ಚೌಕದ ಮೇಲೆ ಕೆಳಗೆ, ತುಸು ದೂರದಲ್ಲಿ, ಸಲ್ಫೇಟಿನ ಆಕ್ಸಿಜನ್‌ಗಳಿರುತ್ತವೆ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ. ಅದು ಹೈಡ್ರೋಜನ್ ಬಂಧದಿಂದ ಸಲ್ಫೇಟಿಗೂ ಪಕ್ಕದ ನೀರಿಗೂ ನಡುವೆ ಕೊಂಡಿಯಾಗಿ ಕೂತಿದೆ. ಎಲ್ಲ ನೀರಿಗೂ ಗೊತ್ತಾದ ಜಾಗವಿದೆ, ಎಲ್ಲವೂ ಕಟ್ಟುಬಿದ್ದಿವೆ. ಹರಿದಾಡಿದರೆ ತಾನೆ ಕೈ ಒದ್ದೆಯಾಗುವುದು. ಪ್ರತಿ ತಾಮ್ರಕ್ಕೂ ಇದೇ ವ್ಯವಸ್ಥೆ ಇರುವುದರಿಂದಲೇ ನೀರಿನ ಲೆಕ್ಕ 4.3 ಅಥವಾ 5.2 ಆಗದೆ ಸರಿಯಾಗಿ 5 ಆಗುತ್ತದೆ. ಬರೀ ತೇವವಾಗಿದ್ದರೆ ಡೊಂಬಿವಲಿಯ ಜುಲೈಯಲ್ಲಿ ಒಂದು ಅಂಕೆ, ಪುಣೆಯ ಏಪ್ರಿಲ್‌ನಲ್ಲಿ ಇನ್ನೊಂದು ಅಂಕೆ ಬರಬೇಕಿತ್ತು.

ನೀಲಿ ಬಣ್ಣವೂ ಈ ನೀರಿನ ಕೊಡುಗೆ. ತಾಮ್ರದ ಸುತ್ತ ನೀರು ನಿಂತಾಗ ಅದು ಹೀರುವ ಬೆಳಕಿನ ಭಾಗ ಬದಲಾಗಿ ನೀಲಿ ಕಾಣುತ್ತದೆ. ನೀರು ಪೂರ್ತಿ ಹೋದರೆ ಪುಡಿ ಬೆಳ್ಳಗಾಗುತ್ತದೆ, ಒಂದು ಹನಿ ಬಿದ್ದರೆ ಮತ್ತೆ ನೀಲಿ. ಜಲರಹಿತ ಕಾಪರ್ ಸಲ್ಫೇಟನ್ನು ನೀರಿನ ಪರೀಕ್ಷೆಗೆ ಬಳಸುವುದು ಇದಕ್ಕೇ.

ಈಗ 4.6ರ ವಿಚಾರ. ಅವಳ ಅಂಕೆಗಳನ್ನು ಮತ್ತೆ ಹಾಕಿ ನೋಡೋಣ. ಹರಳು 2.496 ಗ್ರಾಂ. ಕಾಯಿಸಿದ ಮೇಲೆ ಉಳಿದದ್ದು 1.646. ಹೋದದ್ದು 0.850. ಉಳಿದದ್ದನ್ನು 159.6ರಿಂದ (159.5ರ ಇನ್ನಷ್ಟು ನಿಖರ ಅಂಕೆ) ಭಾಗಿಸಿದರೆ 0.01031 ಮೋಲ್, ಹೋದದ್ದನ್ನು 18ರಿಂದ ಭಾಗಿಸಿದರೆ 0.04722 ಮೋಲ್. ಅನುಪಾತ 4.58. ಲೆಕ್ಕದ ದಾರಿ ಸರಿಯಾಗಿಯೇ ಇದೆ, ಅವಳು ಎಲ್ಲೂ ಎಡವಿಲ್ಲ. 2.496 ಗ್ರಾಂ ಹರಳಿನಿಂದ 0.900 ಗ್ರಾಂ ನೀರು ಹೋಗಬೇಕಿತ್ತು, 0.850 ಹೋಗಿದೆ. ವ್ಯತ್ಯಾಸ 50 ಮಿಲಿಗ್ರಾಂ ಅಷ್ಟೇ.

ಇಷ್ಟು ಸಣ್ಣ ಕೊರತೆ ಉತ್ತರವನ್ನು ಇಷ್ಟು ದೂರ ಏಕೆ ಎಳೆಯಿತು ಎಂಬುದನ್ನು ಅವಳಿಗೆ ಖಂಡಿತ ವಿವರಿಸಿ. ಹೋಗದೆ ಉಳಿದ ನೀರು ಎರಡು ಕಡೆ ಕೆಟ್ಟ ಕೆಲಸ ಮಾಡುತ್ತದೆ. ಹೋದ ನೀರಿನ ಲೆಕ್ಕ ಕಡಿಮೆಯಾಗುತ್ತದೆ, ಅದೇ ನೀರು ‘ಜಲರಹಿತ ಲವಣ’ದ ಲೆಕ್ಕಕ್ಕೆ ಸೇರಿ ಅದನ್ನು ಹೆಚ್ಚಿಸುತ್ತದೆ. ಮೇಲಿನ ಸಂಖ್ಯೆ ಇಳಿದು ಕೆಳಗಿನ ಸಂಖ್ಯೆ ಏರಿದರೆ ಅನುಪಾತ ಇನ್ನೂ ಬೇಗ ಕುಸಿಯುತ್ತದೆ. ನೀರಿನ ಶೇಕಡಾ ತೆಗೆದರೆ ಅವಳದು 34.05, ಇರಬೇಕಾದದ್ದು 36.07, ತಪ್ಪು ನೂರಕ್ಕೆ ಐದೂವರೆಯಷ್ಟು. ಅನುಪಾತದಲ್ಲಿ ಅದೇ ತಪ್ಪು ನೂರಕ್ಕೆ ಎಂಟು ದಾಟುತ್ತದೆ.

ಆ 50 ಮಿಲಿಗ್ರಾಂ ಎಲ್ಲಿ ಉಳಿಯಿತು? ಕಾಪರ್ ಸಲ್ಫೇಟು ನೀರನ್ನು ಒಂದೇ ಏಟಿಗೆ ಬಿಡುವುದಿಲ್ಲ. ನಿಧಾನವಾಗಿ ಕಾಯಿಸಿದರೆ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು, 109ರ ಹತ್ತಿರ ಇನ್ನೆರಡು, ಕೊನೆಯದು ಸುಮಾರು 200 ಡಿಗ್ರಿಯಲ್ಲಿ ಹೊರಬೀಳುತ್ತದೆ. ಸಲ್ಫೇಟಿನ ಜೊತೆ ಹೈಡ್ರೋಜನ್ ಬಂಧದಲ್ಲಿರುವ ಆ ಐದನೆಯದೇ ಎಲ್ಲಕ್ಕಿಂತ ಹಟಮಾರಿ. ನಾಲ್ಕು ನೀರು ಹೋದ ಕೂಡಲೇ ಪುಡಿ ಬಹುತೇಕ ಬಿಳಿಯಾಗಿ ಕಾಣುವುದರಿಂದ ‘ಆಯಿತು’ ಎಂದು ಬರ್ನರ್ ಆರಿಸಿಬಿಡುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ನಾಲ್ಕು ಮಾತ್ರ ಹೋಗಿ ಒಂದು ಪೂರ್ತಿ ಉಳಿದರೆ ಲೆಕ್ಕದಲ್ಲಿ 4 ಬರುವುದಿಲ್ಲ, 3.6 ಬರುತ್ತದೆ. ಏಕೆಂದರೆ ಉಳಿದ ಪುಡಿ 159.6 ಅಲ್ಲ, 177.6. ಅದನ್ನು 159.6 ಎಂದು ಹಿಡಿದೇ ನಾವು ಭಾಗಿಸುತ್ತಿದ್ದೇವೆ. ಹಾಗಾಗಿ 4.58 ಎಂದರೆ ಐದನೆಯ ನೀರಿನಲ್ಲೂ ಹೆಚ್ಚಿನದು ಹೋಗಿದೆ, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿದೆ. ಅಥವಾ ಪೂರ್ತಿ ಹೋಗಿ, ಆರುವಾಗ ಗಾಳಿಯಿಂದ ಮರಳಿ ಬಂದಿದೆ.

ಎರಡರಲ್ಲಿ ಯಾವುದು ಎಂದು ತಿಳಿಯಲು ಅವಳನ್ನೇ ಕೇಳಿ: ತೂಗುವ ಮೊದಲು ಪುಡಿಯ ಮೇಲ್ಮೈಯಲ್ಲಿ, ಅದರಲ್ಲೂ ಅಂಚಿನಲ್ಲಿ, ತಿಳಿನೀಲಿ ಛಾಯೆ ಇತ್ತೇ? ಇದ್ದರೆ ಗಾಳಿಯ ತೇವ ಹೀರಿದೆ. ಮಳೆಗಾಲದ ಮುಂಬಯಿಯಲ್ಲಿ ಮೂಸೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಹೀಗಾಗಲು ಹೆಚ್ಚು ಹೊತ್ತು ಬೇಡ. ಮೇಲ್ಮೈ ಬೆಳ್ಳಗಿದ್ದು, ಕಡ್ಡಿಯಿಂದ ಕೆದಕಿದಾಗ ತಳದಲ್ಲೋ ಗಂಟಿನ ಒಳಗೋ ನೀಲಿ ಕಂಡರೆ ಕಾವು ಸಾಲದೆ ಹೋಗಿದೆ.

ಸರಿಯಾದ ಕ್ರಮ ಹೀಗೆ. ಹರಳನ್ನು ಒರಳಿನಲ್ಲಿ ನಯವಾಗಿ ಅರೆದುಕೊಳ್ಳಬೇಕು. ದೊಡ್ಡ ಹರಳು ಒಳಗಿನ ನೀರು ಆವಿಯಾಗುವಾಗ ಚಟಪಟ ಸಿಡಿದು ಚೂರು ಹೊರಗೆ ಹಾರುತ್ತದೆ. ಅರೆದ ಮೇಲೆ ಸೋಸುಕಾಗದದ ನಡುವೆ ಒತ್ತಿ ಹೊರತೇವ ತೆಗೆಯಬೇಕು. ಮೂಸೆಯನ್ನು ಮುಚ್ಚಳದ ಜೊತೆ ಮೊದಲೇ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತು ಇಟ್ಟ ಮುಚ್ಚಿದ ಪಾತ್ರೆ) ಆರಿಸಿ, ತೂಗಿಡಬೇಕು. ಎರಡರಿಂದ ಎರಡೂವರೆ ಗ್ರಾಂ ಪುಡಿ ಸಾಕು, ಅದನ್ನು ತಳದ ತುಂಬ ತೆಳ್ಳಗೆ ಹರಡಬೇಕು. ಮೊದಲ ಐದು ನಿಮಿಷ ಬರ್ನರ್ ಸಣ್ಣಗೆ, ಮುಚ್ಚಳ ಓರೆಯಾಗಿ. ನೀಲಿ ಮಾಸುತ್ತಾ ಬಂದ ಮೇಲೆ ಉರಿ ಏರಿಸಿ ಹತ್ತು ನಿಮಿಷ. ಮೂಸೆಯ ತಳ ಕೆಂಪಗೆ ಕಾಯಲು ಬಿಡಬಾರದು. ಇಕ್ಕಳದಿಂದ ಹಿಡಿದು ನೇರ ಡೆಸಿಕೇಟರಿಗೆ, ಪೂರ್ತಿ ಆರಿದ ಮೇಲೆ ತಕ್ಕಡಿಗೆ. ಆಮೇಲೆ ಇನ್ನೈದು ನಿಮಿಷ ಕಾಯಿಸಿ, ಆರಿಸಿ, ಮತ್ತೆ ತೂಕ. ಸಾಲಾಗಿ ಎರಡು ತೂಕಗಳ ನಡುವೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇಲ್ಲದವರೆಗೆ ಇದನ್ನೇ ಮಾಡಬೇಕು. ನಿಮ್ಮ ಮಗಳ ಅಂಕೆಗಳಲ್ಲಿ ಕಾಯಿಸಿದ ಮೇಲಿನ ತೂಕ ಒಂದೇ ಒಂದು ಇದೆ. ನನ್ನ ಪ್ರಕಾರ ಕೊರತೆ ಅಲ್ಲೇ ಇರುವುದು. ಎರಡನೇ ಸಲ ಕಾಯಿಸಿದ್ದರೆ ತೂಕ ಇನ್ನೂ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು.

ಉತ್ತರ 5ಕ್ಕಿಂತ ಮೇಲೆ ಹೋದರೆ ಕಾರಣಗಳು ಬೇರೆ. ಚೂರು ಸಿಡಿದು ಹಾರಿದ್ದರೆ ಆ ತೂಕವೂ ನೀರಿನ ಲೆಕ್ಕಕ್ಕೆ ಸೇರುತ್ತದೆ: ಇದೇ ಹರಳಿನಿಂದ ನೀರು ಬಿಟ್ಟ ಪುಡಿ 50 ಮಿಲಿಗ್ರಾಂ ಹಾರಿದರೆ ಉತ್ತರ 5.45. ಹರಳು ಮೊದಲೇ ತೇವವಾಗಿದ್ದರೂ ಹೆಚ್ಚುತ್ತದೆ. ಬಿಸಿ ಮೂಸೆಯನ್ನು ತೂಗಿದರೆ ಸುತ್ತಲ ಗಾಳಿ ಕಾದು ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ, ಆಗಲೂ ಹೆಚ್ಚು. ಅತಿಯಾಗಿ ಕಾಯಿಸಿದರೆ ಸಲ್ಫೇಟೇ ಒಡೆದು ಸಲ್ಫರ್ ಟ್ರೈಆಕ್ಸೈಡ್ ಹೊರಬಿದ್ದು ಕಪ್ಪು ಕಾಪರ್ ಆಕ್ಸೈಡ್ ಉಳಿಯುತ್ತದೆ. ಬಿಳಿ ಪುಡಿಯಲ್ಲಿ ಬೂದು ಅಥವಾ ಕಪ್ಪು ಕಂಡ ಕ್ಷಣ ಆ ಪ್ರಯೋಗ ಮುಗಿಯಿತು, ಹೊಸ ಹರಳು ತೆಗೆದುಕೊಳ್ಳಬೇಕು. ಮೂಗಿಗೆ ಘಾಟು ಬಂದರೆ ಬರ್ನರ್ ಆರಿಸಿ ಕಿಟಕಿ ತೆಗೆಯಲಿ.

ಜರ್ನಲಿನಲ್ಲಿ 4.6 ಎಂದೇ ಬರೆಯಲಿ. ಕೆಳಗೆ ಹತ್ತಿರದ ಪೂರ್ಣಾಂಕ 5, ಶೇಕಡಾ ತಪ್ಪು ಸುಮಾರು 8, ಕಾರಣ ಸ್ಥಿರ ತೂಕ ಬರುವವರೆಗೆ ಕಾಯಿಸದಿರುವುದು ಎಂದು ಸೇರಿಸಲಿ. ತೂಕಗಳನ್ನು ತಿದ್ದಿ 5.0 ತರುವುದು ಬೇಡ. ತಿದ್ದಿದ ಅಂಕೆಯಿಂದ ಅವಳಿಗೆ ಕಲಿಯಲು ಏನೂ ಸಿಗುವುದಿಲ್ಲ, 4.6ರಿಂದ ಇಷ್ಟೆಲ್ಲ ಸಿಕ್ಕಿತು.

ಇದೇ ವರ್ಷ, ಮುಂದಿನ ವರ್ಷ ಅವಳಿಗೆ ಟೈಟ್ರೇಶನ್, ಅಂದರೆ ಗೊತ್ತಿರುವ ದ್ರಾವಣದಿಂದ ಇನ್ನೊಂದರ ಸಾಂದ್ರತೆ ಅಳೆಯುವ ಪ್ರಯೋಗ, ಬರುತ್ತದೆ. ಸ್ಫಟಿಕ ಜಲ ನಿಜವಾಗಿ ಅಂಕ ಕಳೆಯುವುದು ಅಲ್ಲಿ. ಆಕ್ಸಾಲಿಕ್ ಆಮ್ಲ ಶೀಶೆಯಲ್ಲಿ ಎರಡು ನೀರಿನೊಂದಿಗೆ ಬರುತ್ತದೆ, ಮೋಲಾರ್ ರಾಶಿ 126. ನೀರು ಮರೆತರೆ 90. 0.05 ಮೋಲಾರ್ ದ್ರಾವಣ 250 ಮಿಲಿಲೀಟರ್ ಬೇಕಿದ್ದರೆ 1.575 ಗ್ರಾಂ ತೂಗಬೇಕು. 90 ಹಿಡಿದವರು 1.125 ತೂಗುತ್ತಾರೆ, ದ್ರಾವಣ 0.0357 ಮೋಲಾರ್ ಮಾತ್ರ ಆಗುತ್ತದೆ. ಅದರಿಂದ ಪರ್ಮಾಂಗನೇಟಿನ ಸಾಂದ್ರತೆ ಕಂಡುಹಿಡಿದರೆ ಇರುವುದಕ್ಕಿಂತ ನೂರಕ್ಕೆ 40 ಹೆಚ್ಚು ಬರುತ್ತದೆ. ಬ್ಯೂರೆಟ್ ಎಷ್ಟು ಜಾಗ್ರತೆಯಿಂದ ಓದಿದರೂ ಈ ತಪ್ಪು ಹೋಗದು. ಮೋರ್ ಲವಣದಲ್ಲಿ ಎರಡು ಚುಕ್ಕೆ ಇರುತ್ತವೆ: ಫೆರಸ್ ಸಲ್ಫೇಟ್, ಚುಕ್ಕೆ, ಅಮೋನಿಯಂ ಸಲ್ಫೇಟ್, ಚುಕ್ಕೆ, ಆರು ನೀರು. ಮೊದಲ ಚುಕ್ಕೆ ಎರಡು ಲವಣಗಳು ಒಂದೇ ಹರಳಿನಲ್ಲಿ ಸೇರಿವೆ ಎನ್ನುತ್ತದೆ, ಎರಡನೆಯದು ನೀರಿನದು. ಎಲ್ಲ ಸೇರಿ 392. ಅದೇ ಸಾಂದ್ರತೆ, ಅದೇ ಗಾತ್ರಕ್ಕೆ 4.9 ಗ್ರಾಂ.

ವಾಷಿಂಗ್ ಸೋಡಾದ್ದು ಬೇರೆ ಕಾಟ. ಹತ್ತು ನೀರಿನ ಹರಳು, 286, ಅದರಲ್ಲಿ ನೂರಕ್ಕೆ 63 ನೀರು. ಆದರೆ ಅದು ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಪುಣೆಯ ಬೇಸಿಗೆಯ ಒಣಗಾಳಿಯಲ್ಲಿ ಬಿಚ್ಚಿಟ್ಟರೆ ಪಾರದರ್ಶಕ ಹರಳು ಮೇಲಿನಿಂದ ಬೆಳ್ಳಗಾಗಿ ಪುಡಿಯಾಗುತ್ತಾ ಒಂದೇ ನೀರಿನ ರೂಪಕ್ಕೆ, 124ಕ್ಕೆ, ಇಳಿಯುತ್ತದೆ. ಚೀಟಿಯಲ್ಲಿ ಹತ್ತು ನೀರು ಎಂದಿದೆ ಎಂದು ನಂಬಿ ಲೀಟರಿಗೆ 14.3 ಗ್ರಾಂ ಹಾಕಿದರೆ 0.05ರ ಬದಲು 0.115 ಮೋಲಾರ್ ಆಗಿಬಿಡುತ್ತದೆ. ಇದಕ್ಕಾಗಿಯೇ ಆಮ್ಲದ ಸಾಂದ್ರತೆ ನಿಶ್ಚಯಿಸಲು ಕಾಯಿಸಿ ಒಣಗಿಸಿದ ಜಲರಹಿತ ಸೋಡಿಯಂ ಕಾರ್ಬೋನೇಟನ್ನೇ ಬಳಸುತ್ತಾರೆ. ಹರಳು ಬಿಳಿ ಧೂಳು ಹೊತ್ತಿದ್ದರೆ ಚೀಟಿಯ ಸೂತ್ರವನ್ನು ನಂಬಬೇಡಿ.

ಪ್ರವೇಶ ಪರೀಕ್ಷೆಗೆ ಓದುತ್ತಿದ್ದರೆ ಮೊಲಾಲಿಟಿಯಲ್ಲಿ (ಒಂದು ಕಿಲೋ ದ್ರಾವಕಕ್ಕೆ ಎಷ್ಟು ಮೋಲ್ ಎಂಬ ಅಳತೆ) ಒಂದು ಬಲೆ ಇದೆ. ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್, ಅಂದರೆ ಎಪ್ಸಮ್ ಲವಣ, 246.5 ಗ್ರಾಂ ತೆಗೆದು 1 ಕಿಲೋ ನೀರಿಗೆ ಹಾಕಿದರೆ ಹರಳಿನ 126 ಗ್ರಾಂ ನೀರೂ ದ್ರಾವಕಕ್ಕೆ ಸೇರಿ 1.126 ಕಿಲೋ ಆಗುತ್ತದೆ. ಮೊಲಾಲಿಟಿ 1 ಅಲ್ಲ, 0.888. ಒಂದು ಲೀಟರ್ ದ್ರಾವಣಕ್ಕೆ ಎಷ್ಟು ಮೋಲ್ ಎನ್ನುವ ಮೊಲಾರಿಟಿಯಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅಲ್ಲಿ ಕೊನೆಯಲ್ಲಿ ಗೆರೆಯವರೆಗೆ ನೀರು ತುಂಬಿಸುತ್ತೇವೆ.

ಅರ್ಧ ನೀರಿನ ಸೂತ್ರವೂ ಮಕ್ಕಳನ್ನು ಕಾಡುತ್ತದೆ, ಅದಕ್ಕೆ ಉದಾಹರಣೆ ನಿಮ್ಮೂರಿನ ಗಣಪತಿಯಲ್ಲೇ ಇದೆ. ಪ್ಲಾಸ್ಟರ್ ಆಫ್ ಪ್ಯಾರಿಸ್, ಪಿಒಪಿ, ಎಂದರೆ ಸಿಎಎಸ್ಒ₄·½ಎಚ್₂ಒ. ಅರ್ಧ ಅಣು ಎಂಬುದು ಎಲ್ಲೂ ಇಲ್ಲ. ಎರಡು ಕ್ಯಾಲ್ಸಿಯಂ ಸಲ್ಫೇಟಿಗೆ ಒಂದು ನೀರು ಎಂದು ಅದರ ಅರ್ಥ. ಜಿಪ್ಸಮ್‌ನಲ್ಲಿ ಒಂದಕ್ಕೆ ಎರಡು ನೀರು ಇರುತ್ತದೆ, 172. ಅದನ್ನು 100 ಡಿಗ್ರಿಯ ಆಸುಪಾಸಿನಿಂದ ಹದವಾಗಿ ಕಾಯಿಸಿ ಒಂದೂವರೆ ನೀರು ಓಡಿಸಿದರೆ 145ರ ಪಿಒಪಿ. ಹದ ಮೀರಿ ಪೂರ್ತಿ ನೀರು ಓಡಿಸಿದರೆ ನೀರು ಕಲಸಿದರೂ ಸರಿಯಾಗಿ ಗಟ್ಟಿಯಾಗದ ಪುಡಿ ಉಳಿಯುತ್ತದೆ.

ಪೇಣದ ಮೂರ್ತಿ ಕಾರ್ಖಾನೆಗಳಲ್ಲಿ ಪಿಒಪಿಗೆ ನೀರು ಕಲಸಿದಾಗ ಅಚ್ಚು ಬೆಚ್ಚಗಾಗುವುದು ಆ ಒಂದೂವರೆ ನೀರು ಮರಳಿ ಹರಳಿನೊಳಗೆ ತನ್ನ ಜಾಗ ಹಿಡಿಯುವ ಕಾರಣಕ್ಕೆ. ಲೆಕ್ಕದ ಪ್ರಕಾರ 100 ಗ್ರಾಂ ಪಿಒಪಿಗೆ ಬೇಕಾದ ನೀರು 18.6 ಗ್ರಾಂ ಮಾತ್ರ. ಆದರೆ ಅಷ್ಟು ಹಾಕಿದರೆ ಅಚ್ಚಿನೊಳಗೆ ಹರಿಯುವುದೇ ಇಲ್ಲ, ಅದಕ್ಕೆ ಮೂರು ಪಟ್ಟೋ ಇನ್ನೂ ಹೆಚ್ಚೋ ಹಾಕಿ ಕಲಸುತ್ತಾರೆ. ಮಿಕ್ಕಿದ್ದು ಬರೀ ತೇವ. ಅದು ಒಣಗಲೇಬೇಕು, ಒಣಗುವ ಮೊದಲು ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ. ಸೇರಿಕೊಂಡ ನೀರು ಯಾವುದು, ತೇವದ ನೀರು ಯಾವುದು ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ವಸ್ತು ಇನ್ನೊಂದಿಲ್ಲ: 10 ಕಿಲೋ ಪಿಒಪಿಯ ಮೂರ್ತಿ ಪೂರ್ತಿ ಒಣಗಿದ ಮೇಲೂ 11.86 ಕಿಲೋ ತೂಗುತ್ತದೆ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟು ಗಂಟುಕಟ್ಟಿದ ಪಿಒಪಿ ಗಾಳಿಯ ತೇವದಿಂದ ಆಗಲೇ ಅಷ್ಟಿಷ್ಟು ಜಿಪ್ಸಮ್ ಆಗಿರುತ್ತದೆ. ಅದರಿಂದ ಮಾಡಿದ್ದಕ್ಕೆ ಬಲ ಇರುವುದಿಲ್ಲ.

ಮೂರ್ತಿ ನೀರಿನಲ್ಲಿ ಏಕೆ ಕರಗದು ಎಂಬುದೂ ಇದಕ್ಕೇ ಸೇರಿದ ಮಾತು. ಜಿಪ್ಸಮ್ ಲೀಟರಿಗೆ ಎರಡು, ಎರಡೂವರೆ ಗ್ರಾಂ ಮಾತ್ರ ಕರಗುತ್ತದೆ. ಒಂದು ಕಿಲೋ ಮೂರ್ತಿಗೆ ನಾನೂರು ಲೀಟರ್ ನೀರೂ ಸಾಲದು. ಪುಣೆಯ ಪಾಷಾಣದಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಇದಕ್ಕೆ ಅಮೋನಿಯಂ ಬೈಕಾರ್ಬೋನೇಟಿನ ದಾರಿ ತೋರಿಸಿದ್ದಾರೆ. ಬಕೆಟ್ಟಿನಲ್ಲಿ ಅದರ ದ್ರಾವಣ ಮಾಡಿ ಮೂರ್ತಿ ಮುಳುಗಿಸಿಟ್ಟು ಆಗಾಗ ಕಲಕಿದರೆ ಸಣ್ಣ ಮೂರ್ತಿ ಒಂದೆರಡು ದಿನದಲ್ಲಿ ಸಡಿಲವಾಗಿ ಕುಸಿಯುತ್ತದೆ. ತಳದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಕೂರುತ್ತದೆ, ಮೇಲಿನ ನೀರಿನಲ್ಲಿ ಗೊಬ್ಬರವಾದ ಅಮೋನಿಯಂ ಸಲ್ಫೇಟ್ ಇರುತ್ತದೆ. ಎಷ್ಟು ಹಾಕಬೇಕು ಎಂಬುದನ್ನು ಮಗಳಿಂದಲೇ ಲೆಕ್ಕ ಮಾಡಿಸಿ. ಒಂದು ಮೋಲ್ ಕ್ಯಾಲ್ಸಿಯಂ ಸಲ್ಫೇಟಿಗೆ ಎರಡು ಮೋಲ್ ಬೈಕಾರ್ಬೋನೇಟ್, ಅಂದರೆ 158 ಗ್ರಾಂ. ಮೂರ್ತಿ ಈಗ ಪಿಒಪಿ ಅಲ್ಲ, ಎರಡು ನೀರಿನ ಜಿಪ್ಸಮ್. ಹಾಗಾಗಿ 172 ಗ್ರಾಂಗೆ 158, ಕಿಲೋಗೆ ಸುಮಾರು 920 ಗ್ರಾಂ. ನೀರು ಮರೆತು 136 ಹಿಡಿದರೆ 1.16 ಕಿಲೋ ಬರುತ್ತದೆ. ಸರಿಸಮ ತೂಕ ಹಾಕಿದರೆ ತುಸು ಹೆಚ್ಚೇ ಆಯಿತು, ಸಾಕು. ಅಮೋನಿಯಾ ವಾಸನೆ ಬರುವುದರಿಂದ ಬಕೆಟ್ಟು ಮನೆಯೊಳಗೆ ಬೇಡ, ಬಾಲ್ಕನಿಯಲ್ಲಿರಲಿ.

ಒಂದು ಎಚ್ಚರಿಕೆ. ಎಲ್ಲ ಲವಣವನ್ನೂ ಕಾಯಿಸಿದರೆ ನೀರು ಮಾತ್ರ ಹೋಗುತ್ತದೆ ಎಂದುಕೊಳ್ಳಬಾರದು. ಆರು ನೀರಿನ ಮೆಗ್ನೀಸಿಯಂ ಕ್ಲೋರೈಡನ್ನೋ ಅಲ್ಯುಮಿನಿಯಂ ಕ್ಲೋರೈಡನ್ನೋ ಕಾಯಿಸಿದರೆ ಅದರದೇ ನೀರು ಲವಣದ ಮೇಲೆ ತಿರುಗಿಬಿದ್ದು ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ, ಕೊನೆಗೆ ಆಕ್ಸೈಡ್ ಉಳಿಯುತ್ತದೆ. ಹಸಿರು ಫೆರಸ್ ಸಲ್ಫೇಟು ಜೋರಾಗಿ ಕಾದರೆ ಕಂದು ಫೆರಿಕ್ ಆಕ್ಸೈಡ್ ಆಗಿ ಗಂಧಕದ ಆಕ್ಸೈಡ್‌ಗಳನ್ನು ಬಿಡುತ್ತದೆ. ಇವುಗಳಲ್ಲಿ ತೂಕದ ಇಳಿಕೆಯನ್ನೆಲ್ಲ ನೀರು ಎಂದು ಬರೆಯಲಾಗದು.

ಈಗ ತಮ್ಮನ ಪುಡಿ. ಬಿಳಿಚಿದೆ ಎಂದಾಕ್ಷಣ ನೀರಿಲ್ಲದ್ದು ಎಂದು ತೀರ್ಮಾನಿಸಬಾರದು. ಐದು ನೀರಿನ ನೀಲಿ ಹರಳನ್ನೇ ನುಣ್ಣಗೆ ಅರೆದರೂ ಅದು ತಿಳಿನೀಲಿಯಾಗಿ ಬಿಳಿಚಿಕೊಂಡು ಕಾಣುತ್ತದೆ. ಹಾಗಿದ್ದರೆ ಎಂದಿನ ತೂಕವೇ ಸರಿ. ಪಿಂಗಾಣಿ ತಟ್ಟೆಯಲ್ಲಿ ಒಂದು ಚಮಚ ಪುಡಿ ಹಾಕಿ ನಾಲ್ಕಾರು ಹನಿ ನೀರು ಬಿಡಲಿ. ಅರೆದ ಹರಳಾದರೆ ಸುಮ್ಮನೆ ನೆನೆಯುತ್ತದೆ. ಜಲರಹಿತವಾದರೆ ಕೂಡಲೇ ಗಾಢ ನೀಲಿಯಾಗಿ, ತಟ್ಟೆಯ ತಳ ಬಿಸಿಯಾಗುತ್ತದೆ. ನೀರು ಹಾಕಿದರೂ ನೀಲಿಯಾಗದಿದ್ದರೆ ಅದು ಕಾಪರ್ ಸಲ್ಫೇಟೇ ಅಲ್ಲ, ಹಿಂತಿರುಗಿಸಬೇಕು. ಅಡಿಗೆಯ ಪಾತ್ರೆ, ಚಮಚ ಇದಕ್ಕೆ ಬೇಡ, ಇದು ವಿಷ.

ನೂರು ಲೀಟರಿನ ಶೇಕಡಾ 1ರ ಬೋರ್ಡೋಗೆ ಹೇಳುವ 1 ಕಿಲೋ ಮೈಲುತುತ್ತ ಐದು ನೀರಿನದು. ಅದರಲ್ಲಿ ತಾಮ್ರ 254 ಗ್ರಾಂ. ಜಲರಹಿತ ಪುಡಿಯಾದರೆ 639 ಗ್ರಾಂ ಸಾಕು. ಅದನ್ನೇ 1 ಕಿಲೋ ಹಾಕಿದರೆ ಶೇಕಡಾ ಒಂದೂವರೆ ದಾಟಿದ ಬೋರ್ಡೋ ಆಗುತ್ತದೆ. ಹಣ ದಂಡ, ಮಣ್ಣಿಗೆ ಬೇಡದ ತಾಮ್ರ. ಸುಣ್ಣ ಹಳಸಿದ್ದರೆ ಸೇರದೆ ಉಳಿದ ತಾಮ್ರ ಎಳೆ ಹಿಂಗಾರವನ್ನೂ ಕಾಯನ್ನೂ ಸುಡುತ್ತದೆ. ಚೀಲದ ಮೇಲೆ ತಾಮ್ರದ ಶೇಕಡಾ ಬರೆದಿದ್ದರೆ ಕೆಲಸ ಸುಲಭ: 25.4ನ್ನು ಆ ಅಂಕೆಯಿಂದ ಭಾಗಿಸಿದರೆ ಎಷ್ಟು ಕಿಲೋ ಎಂದು ಬರುತ್ತದೆ. ಸತುವಿನ ಸಲ್ಫೇಟಿನಲ್ಲೂ ಇದೇ ಕಥೆ. ಅಂಗಡಿಯಲ್ಲಿ 21 ಶೇಕಡಾ ಸತುವಿನದು ಏಳು ನೀರಿನದು, 33 ಶೇಕಡಾದ್ದು ಒಂದು ನೀರಿನದು. ಒಂದರ ಬದಲು ಇನ್ನೊಂದನ್ನು ಅದೇ ತೂಕಕ್ಕೆ ಹಾಕುವಂತಿಲ್ಲ.

ಚೀಲದ ಮೇಲೆ ಏನೂ ಬರೆದಿಲ್ಲವೆಂದರೆ, ಅಥವಾ ಪುಡಿ ಕಾಣಕೋಣದ ತೇವಕ್ಕೆ ಅರೆಬರೆ ನೀರು ಹೀರಿ ಗಂಟಾಗಿದ್ದರೆ, ನಿಮ್ಮ ಮಗಳ ಪ್ರಯೋಗವೇ ಉತ್ತರ ಕೊಡುತ್ತದೆ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ತರಿಸಿ, ಕಾಲೇಜಿನ ಪ್ರಯೋಗಾಲಯದಲ್ಲಿ ಅನುಮತಿ ಪಡೆದು ಎರಡು ಗ್ರಾಂ ಸ್ಥಿರ ತೂಕಕ್ಕೆ ಕಾಯಿಸಲಿ. ಪುಡಿ ಬೆರಕೆಯಿಲ್ಲದ್ದಾದರೆ, ನೂರರಲ್ಲಿ ಎಷ್ಟು ಉಳಿಯಿತೋ ಅದರಿಂದ 63.9ನ್ನು ಭಾಗಿಸಿದರೆ ಬೇಕಾದ ಕಿಲೋ ಸಿಗುತ್ತದೆ. ನೂರಕ್ಕೆ 64 ಉಳಿದರೆ 1 ಕಿಲೋ, 90 ಉಳಿದರೆ 710 ಗ್ರಾಂ. ತೂಗಿದ ಮೇಲೆ ಮಿಕ್ಕ ಪುಡಿಯ ಚೀಲವನ್ನು ಬಿಗಿಯಾಗಿ ಕಟ್ಟಿಡಬೇಕು, ಇಲ್ಲವಾದರೆ ಮುಂದಿನ ಸಿಂಪಡಣೆಗೆ ಈ ಲೆಕ್ಕ ನಡೆಯುವುದಿಲ್ಲ.

ಕರಗಿಸಲು ಪ್ಲಾಸ್ಟಿಕ್ ಡ್ರಮ್ ಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದರ ಮೇಲೆ ಕೂತು ಕಬ್ಬಿಣ ಕರಗುತ್ತದೆ. ಜಲರಹಿತ ಪುಡಿಯನ್ನು ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸಿ ಕಲಕಬೇಕು, ಒಮ್ಮೆಗೇ ಸುರಿದರೆ ಬಿಸಿಯಾಗಿ ತಳದಲ್ಲಿ ಗಟ್ಟಿ ಗಂಟು ಕಟ್ಟುತ್ತದೆ. 50 ಲೀಟರಿನಲ್ಲಿ ಅದು, ಇನ್ನೊಂದು 50 ಲೀಟರಿನಲ್ಲಿ 1 ಕಿಲೋ ಒಳ್ಳೆಯ ಸುಟ್ಟಸುಣ್ಣ ಅರಳಿಸಿ ಸೋಸಿದ ತಿಳಿಹಾಲು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ನೋಡಲಿ. ಕೆಂಗಂದು ಲೇಪ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಬೇಕು, ಅಲಗು ಹೊಳೆಯುತ್ತಿದ್ದರೆ ಅದೇ ದಿನ ಸಿಂಪಡಿಸಿ ಮುಗಿಸಬೇಕು.